ಟಚ್ ಇದ್ದರೆ ಸಾಲದು, ಪೆನ್ ನೋಡಿ

ಮಾನ್ಯರೇ,

ನೋಟ್ಸ್ ಬರೆಯಲೆಂದು ಕನ್ವರ್ಟಿಬಲ್ ಲ್ಯಾಪ್‌ಟಾಪ್ (ಟ್ಯಾಬ್ಲೆಟ್‌ನಂತೆಯೂ ಬಳಸಬಹುದಾದದ್ದು) ಕೊಳ್ಳುವವರು ಪ್ರೊಸೆಸರ್ ಬಗ್ಗೆ ಹತ್ತು ಸಲ ವಿಚಾರಿಸುತ್ತಾರೆ, ಪೆನ್ ಬಗ್ಗೆ ಒಮ್ಮೆಯೂ ಕೇಳುವುದಿಲ್ಲ. ಪರದೆಗೆ ಆಕ್ಟಿವ್ ಪೆನ್ (ಪರದೆಯು ಕೈಯಿಂದ ಬೇರೆಯಾಗಿ ಗುರುತಿಸುವ ಎಲೆಕ್ಟ್ರಾನಿಕ್ ಪೆನ್) ಬೆಂಬಲ ಇಲ್ಲದಿದ್ದರೆ ಅಂಗೈ ತಾಗಿದಲ್ಲೆಲ್ಲ ಗೀರು ಬೀಳುತ್ತದೆ. ಪೆನ್ನು ಪರದೆಯೊಂದಿಗೆ ಸಂಪರ್ಕಿಸಲು ಎಂಪಿಪಿ, ಎಇಎಸ್, ಯುಎಸ್‌ಐ ಎಂದು ಬೇರೆ ಬೇರೆ ಪದ್ಧತಿಗಳಿವೆ. ಒಂದರದ್ದೇ ಪೆನ್ ಇನ್ನೊಂದರ ಮೇಲೆ ಬರೆಯದು. ಒಂದಕ್ಕಿಂತ ಹೆಚ್ಚು ಪದ್ಧತಿಗಳಿಗೆ ಒಗ್ಗುವ ಪೆನ್‌ಗಳು ಇವೆಯಾದರೂ ಪೊಟ್ಟಣದ ಮೇಲೆ ಓದಿಯೇ ಕೊಳ್ಳಬೇಕು.

ಹಣ ಕೊಡುವ ಮೊದಲು ಪರದೆಯ ಮೇಲೆ ಸ್ಕೇಲ್ ಇಟ್ಟು ಓರೆಗೆರೆಯೊಂದನ್ನು ತೀರಾ ನಿಧಾನವಾಗಿ ಎಳೆಯಿರಿ. ಗೆರೆ ಅಂಕುಡೊಂಕಾದರೆ ಸಣ್ಣ ಒತ್ತಕ್ಷರಗಳ ಗತಿಯೂ ಅಷ್ಟೇ. ಪರದೆಯ ಅಗಲ-ಎತ್ತರದ ಅನುಪಾತ 16:10 ಅಥವಾ 3:2 ಇರಲಿ. 16:9 ಅನ್ನು ನಿಲ್ಲಿಸಿ ಹಿಡಿದರೆ ಪುಟ ಪಟ್ಟಿಯಂತೆ ಕಿರಿದಾಗುತ್ತದೆ. ಕೀಬೋರ್ಡ್ ಕಳಚುವ ಮಾದರಿ ಹಗುರ, ನಿಜ. ತೊಡೆಯ ಮೇಲೆ ಟೈಪಿಸುವುದು ಮಾತ್ರ ಹಿಂಸೆ. ಹಲವು ಮಾದರಿಗಳಲ್ಲಿ ರ್‍ಯಾಮ್ ಬೆಸೆದೇ ಇದ್ದು ಆಮೇಲೆ ಹೆಚ್ಚಿಸಲಾಗದ ಕಾರಣ ಮೊದಲೇ 16 ಜಿಬಿ ಆರಿಸಿ.

– ಓದುಗ