‘ದಿ ರೇಡ್’ ಕುರಿತ ಅಭಿಪ್ರಾಯಗಳ ಬಗ್ಗೆ ಸದಸ್ಯರಿಗೆ ಸೂಚನೆ

ಸದಸ್ಯರೆಲ್ಲರಿಗೂ ನಮಸ್ಕಾರ.

ಇಂಡೋನೇಷ್ಯಾದ ಹೊಡೆದಾಟದ ಚಿತ್ರ ‘ದಿ ರೇಡ್’ (2011) ಬಗ್ಗೆ ನಮ್ಮ ಗುಂಪಿನಲ್ಲಿ ಈವರೆಗೆ ಬಂದಿರುವ ಅಭಿಪ್ರಾಯಗಳಲ್ಲಿ ಹೆಚ್ಚಿನವು ‘ಕಥೆಯೇ ಇಲ್ಲ’ ಎಂಬಲ್ಲಿಗೆ ಮುಗಿದಿವೆ. ಈ ಆಕ್ಷೇಪ ಹೊಸದೇನಲ್ಲ: ವಿಮರ್ಶಕ ರೋಜರ್ ಈಬರ್ಟ್ ಇದಕ್ಕೆ ಒಂದೇ ನಕ್ಷತ್ರ ಕೊಟ್ಟಿದ್ದರು, ಆದರೆ ಟೊರಾಂಟೊ ಚಿತ್ರೋತ್ಸವದ ಮಧ್ಯರಾತ್ರಿ ವಿಭಾಗದ ಪ್ರೇಕ್ಷಕರು ಇದನ್ನೇ ತಮ್ಮ ಪ್ರಶಸ್ತಿಗೆ ಆರಿಸಿದ್ದರು. ಪೊಲೀಸ್ ತಂಡವೊಂದು ಜಕಾರ್ತದ ಹಾಳುಬಿದ್ದ ವಸತಿ ಕಟ್ಟಡಕ್ಕೆ ನುಗ್ಗಿ ಒಳಗೇ ಸಿಕ್ಕಿಬೀಳುವುದಷ್ಟೇ ಕಥೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಸುಮಾರು 11 ಲಕ್ಷ ಡಾಲರ್ ವೆಚ್ಚದಲ್ಲಿ ನಿರ್ದೇಶಕ ಗ್ಯಾರೆತ್ ಇವಾನ್ಸ್ ಇಕ್ಕಟ್ಟಾದ ಓಣಿ, ಬಾಗಿಲು, ಗೋಡೆಗಳನ್ನೇ ‘ಪೆಂಚಕ್ ಸಿಲತ್’ (ಇಂಡೋನೇಷ್ಯಾದ ಸಾಂಪ್ರದಾಯಿಕ ಸಮರಕಲೆ) ಕಾಳಗದ ಭಾಗವಾಗಿಸಿಕೊಂಡ ಬಗೆಯನ್ನು ಯಾರೂ ಪ್ರಸ್ತಾಪಿಸಿಲ್ಲ. ‘ಮ್ಯಾಡ್ ಡಾಗ್’ ಪಾತ್ರದ ಯಾಯನ್ ರುಹಿಯಾನ್ ಕೈಯಲ್ಲಿದ್ದ ಪಿಸ್ತೂಲನ್ನು ಬದಿಗಿಟ್ಟು ಬರಿಗೈಯಲ್ಲಿ ಹೊಡೆದಾಟಕ್ಕೆ ನಿಲ್ಲುವ ಒಂದು ಕ್ಷಣವೇ ಆ ಮನುಷ್ಯನ ಸ್ವಭಾವವನ್ನು ಪುಟಗಟ್ಟಲೆ ಸಂಭಾಷಣೆಗಿಂತ ಚೆನ್ನಾಗಿ ತಿಳಿಸುತ್ತದೆ. (ಕೊನೆಯ ಕಾಳಗದಲ್ಲಿ ಒಡೆದ ಟ್ಯೂಬ್‌ಲೈಟ್‌ನಿಂದ ಇರಿಯುವ ದೃಶ್ಯ ಬಂದಾಗ ನಾನು ಕಣ್ಣು ಮುಚ್ಚಿಕೊಂಡದ್ದು ನಿಜ.)

ಆದ್ದರಿಂದ ಇನ್ನು ಬರೆಯುವವರು ಯಾವುದಾದರೂ ಒಂದು ದೃಶ್ಯವನ್ನು ಹೆಸರಿಸಿ, ಅದು ಹಿಡಿಸಿದ್ದಕ್ಕೆ ಅಥವಾ ಹಿಡಿಸದಿದ್ದಕ್ಕೆ ಕಾರಣವನ್ನು ನಾಲ್ಕು ಸಾಲಿನಲ್ಲಾದರೂ ತಿಳಿಸಬೇಕಾಗಿ ವಿನಂತಿ. ಚಿತ್ರವನ್ನು ಇನ್ನೂ ನೋಡದವರೂ ಗುಂಪಿನಲ್ಲಿರುವುದರಿಂದ ಕಥೆಯಲ್ಲಿ ಬರುವ ಅಣ್ಣತಮ್ಮಂದಿರ ವಿಷಯವನ್ನು ದಯವಿಟ್ಟು ಬಿಡಿಸಿ ಹೇಳಬೇಡಿ. ಚಿತ್ರದಲ್ಲಿ ರಕ್ತಪಾತ ವಿಪರೀತವಾಗಿದ್ದು, ಮಕ್ಕಳೊಂದಿಗೆ ಕೂತು ನೋಡುವಂಥದ್ದಲ್ಲ. ಅಮೆರಿಕದ ಬಿಡುಗಡೆಗೆ ಮೈಕ್ ಶಿನೋಡಾ ಮತ್ತು ಜೋಸೆಫ್ ಟ್ರಪನೀಸ್ ಬೇರೆಯೇ ಹಿನ್ನೆಲೆ ಸಂಗೀತ ನೀಡಿರುವುದರಿಂದ, ಸಂಗೀತದ ಬಗ್ಗೆ ಬರೆಯುವವರು ತಾವು ನೋಡಿದ ಆವೃತ್ತಿ ಯಾವುದೆಂದು ಮೊದಲೇ ನಮೂದಿಸಿ.