ಪುಟ ಕಟ್ಟಿದ ಅಕ್ಕನಿಗೆ, ಮತ್ತು ಉಳಿದವರಿಗೆ

ಬೋರ್‌ವೆಲ್ ಮೋಟರ್ ಪುಸ್ತಕದ 1000 ಪ್ರತಿ, ಕಾದಂಬರಿಯ 500 ಪ್ರತಿ, ಎರಡೂ ಮುಗಿದಿವೆ. ನೌಕರಿಯ ಬಿಡುವಿನಲ್ಲಿ ಬರೆದು, ಸ್ವಂತ ದುಡ್ಡು ಹಾಕಿ, ನಾವೇ ಅಚ್ಚು ಹಾಕಿಸಿ ನಾವೇ ಮಾರಿದ ಪುಸ್ತಕಗಳಿವು. ಎರಡನೇ ಮುದ್ರಣ ಪ್ರೆಸ್ಸಿಗೆ ಹೋಗುವ ಮುಂಚೆ ಹೇಳಬೇಕಾದವರಿಗೆ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಅಪ್ಪ ತೀರಿಹೋದ ವಿಷಯ ನಿಮಗೆಲ್ಲ ಗೊತ್ತು, ಅದನ್ನು ಮತ್ತೆ ಬರೆಯುವುದಿಲ್ಲ.

ಮೊದಲು ತುಮಕೂರಿನ ನಮ್ಮ ಡಿಟಿಪಿ ಅಕ್ಕ, ಕಂಪ್ಯೂಟರಿನಲ್ಲಿ ಪುಟ ಜೋಡಿಸಿಕೊಡುವವರು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಆದರೆ ಅವರು ಮಾಡಿದ ಕೆಲಸ ಏನೆಂದು ಓದುಗರಿಗೆ ಗೊತ್ತಾಗಲೇಬೇಕು.

ಮೋಟರ್ ಪುಸ್ತಕದ ಅರ್ಧದಷ್ಟು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿತ್ತು. ಅಪ್ಪ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿಯಲ್ಲಿ ಕೂತು ಬರೆದಿಟ್ಟಿದ್ದ ಟಿಪ್ಪಣಿಗಳನ್ನು ಬಹಳ ಹಿಂದೆಯೇ ಟೈಪ್ ಮಾಡಿಸಿದ್ದು. ಆ ಕಾಲದ ನುಡಿ ಕಡತಗಳು ಯೂನಿಕೋಡ್ ಅಲ್ಲ, ಅಂದರೆ ಈಗ ಕಂಪ್ಯೂಟರು, ಫೋನುಗಳೆಲ್ಲ ಬಳಸುವ ಅಕ್ಷರ ಸಂಕೇತದಲ್ಲಿಲ್ಲ. ಅವುಗಳಲ್ಲಿ ಅರ್ಕಾವತ್ತು ಎಂದರೆ ಅಕ್ಷರ ಮುಗಿದ ಮೇಲೆ ಬರುವ ಒಂದು ಗುರುತು. ಯೂನಿಕೋಡಿನಲ್ಲಿ ಅದೇ ರಕಾರ ಅಕ್ಷರಕ್ಕಿಂತ ಮುಂಚೆ ಕೂರಬೇಕು. ಪರಿವರ್ತಕ ತಂತ್ರಾಂಶ ಈ ಜಾಗ ಬದಲಿಸುವುದನ್ನು ಬಿಟ್ಟರೆ ‘ಕಾರ್ಯ’ ಎಂಬುದು ‘ಕಾಯರ್’ ಆಗುತ್ತದೆ, ‘ವರ್ಷ’ ‘ವಷರ್’ ಆಗುತ್ತದೆ, ‘ಮಾರ್ಗ’ ‘ಮಾಗರ್’ ಆಗುತ್ತದೆ. ನಮ್ಮ ಕಡತದಲ್ಲಿ ಆದದ್ದು ಅದೇ, ಪುಟಪುಟದಲ್ಲೂ.

ಹುಡುಕಿ ಬದಲಿಸುವ ಆಜ್ಞೆ ಕೊಟ್ಟರೆ ಒಂದೇ ಏಟಿಗೆ ಸರಿಹೋಗುತ್ತದೆ ಎಂದು ಎಲ್ಲರಿಗೂ ಅನಿಸುತ್ತದೆ. ಕಾದಂಬರಿಯಲ್ಲಾದರೆ ಒಂದಿಷ್ಟು ಮಟ್ಟಿಗೆ ನಡೆದೀತು. ಮೋಟರ್ ಪುಸ್ತಕದಲ್ಲಿ ‘ಯರ್’ ಇರುವ ಕಡೆಯೆಲ್ಲ ‘ರ್ಯ’ ಮಾಡಿದಿರೋ, ‘ಆಂಪಿಯರ್’ ಹೋಗಿ ‘ಆಂಪಿರ್ಯ’ ಆಯಿತು. ‘ಟರ್’ ಇರುವಲ್ಲಿ ‘ರ್ಟ’ ಹಾಕಿದರೆ ಮೋಟರೂ ಉಳಿಯುವುದಿಲ್ಲ, ಮೀಟರೂ ಉಳಿಯುವುದಿಲ್ಲ. ಅದಕ್ಕೇ ಅಕ್ಕ ಒಂದೊಂದು ಪದವನ್ನೂ ನಿಲ್ಲಿಸಿ, ನೋಡಿ, ಕೈಯಲ್ಲೇ ತಿದ್ದಿದರು. ಇನ್ನೊಂದು ಕಾಟ ಇಂಗ್ಲಿಷ್ ಅಕ್ಷರಗಳದ್ದು. ಹಳೆಯ ನುಡಿ ಫಾಂಟು ಇಂಗ್ಲಿಷಿನ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿಕೊಂಡಿರುತ್ತದೆ. ಹಾಗಾಗಿ ಇಂಗ್ಲಿಷಿನಲ್ಲಿ ಟೈಪಾಗಿದ್ದ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್), ಕಿಲೋವ್ಯಾಟಿನ ಗುರುತು, ತಂತಿಯ ತುದಿಗಳ ಹೆಸರು, ಎಲ್ಲವೂ ಅರ್ಥವಿಲ್ಲದ ಕೊಂಬು-ಒತ್ತುಗಳ ರಾಶಿಯಾಗಿ ಹೊರಬರುತ್ತವೆ. ಅಂಥವನ್ನು ಮೂಲ ಪ್ರತಿಯ ಪಕ್ಕದಲ್ಲಿಟ್ಟು ಹೊಸದಾಗಿ ಟೈಪ್ ಮಾಡದೆ ಬೇರೆ ದಾರಿ ಇಲ್ಲ.

ಕೊನೆಗೆ ಪುಸ್ತಕದ ಹೆಸರಿನಲ್ಲೇ ತೊಡಕು. ‘ಬೋರ್‌ವೆಲ್’ ಎಂದು ಮೂಡಬೇಕಾದರೆ ರಕಾರಕ್ಕೂ ವಕಾರಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರಬೇಕು. ಕಡತದಿಂದ ಕಡತಕ್ಕೆ ನಕಲು ಮಾಡುವಾಗ ಅದು ಬಿದ್ದುಹೋದರೆ ‘ಬೋರ್ವೆಲ್’ ಆಗಿ ಅರ್ಕಾವತ್ತು ಹತ್ತಿಕೊಳ್ಳುತ್ತದೆ. ಮುಖಪುಟ, ಬೆನ್ನು, ಒಳಶೀರ್ಷಿಕೆ, ಪ್ರತಿ ಪುಟದ ತಲೆಸಾಲು, ನಾಲ್ಕು ಕಡೆಯೂ ಅದನ್ನು ಪ್ರತ್ಯೇಕವಾಗಿ ನೋಡಿದವರು ಅಕ್ಕ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕೃಷಿಮೇಳಕ್ಕೆ ಪುಸ್ತಕ ಬೇಕಿತ್ತು, ಬೆಳಗಾದರೆ ಮುದ್ರಣದ ಪ್ಲೇಟ್ ಹಾಕಲು ಪಿಡಿಎಫ್ ಹೋಗಬೇಕಿತ್ತು. ಆ ರಾತ್ರಿ ನಾನು ಐಸಿಯು ಹೊರಗಿದ್ದೆ. “ನೀವು ಆಸ್ಪತ್ರೆ ಕಡೆ ನೋಡ್ಕೊಳ್ಳಿ, ಪುಟದ್ದು ನಂಗೆ ಬಿಡಿ” ಎಂದವರು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಬೆಳಗಿನವರೆಗೂ ಕೂತರು. ನಡುವೆ ಅವರು ಕೇಳಿದ್ದು ಒಂದೇ ಪ್ರಶ್ನೆ, ಮೋಟರಿನ ಸುರುಳಿಗಳ ತುದಿ ಜೋಡಿಸುವುದರ ಬಗ್ಗೆ: “ಡೆಲ್ಟಾದಲ್ಲಿ ಯು1 ಜೊತೆ ಡಬ್ಲ್ಯು2 ತಾನೆ?” ಅದಕ್ಕೆ ಉತ್ತರ ಹೇಳಬೇಕಾದವರು ಬಾಗಿಲಿನ ಆಚೆ ಇದ್ದರು, ಅವರನ್ನು ಕೇಳುವ ಹಾಗಿರಲಿಲ್ಲ. ಹೌದು ಎಂದು ಬರೆದು ಕಳಿಸಿದೆ. ಅಪ್ಪನ ವಿದ್ಯೆಗೆ ಅಪ್ಪನಿಲ್ಲದೆ ಹೌದು ಎನ್ನಬೇಕಾದ ಕಾಲ ಬಂತಲ್ಲ ಎಂದು ಎದೆ ಒಡೆದುಹೋಯಿತು. ಅಚ್ಚಾದ ಪುಸ್ತಕವನ್ನು ಅವರು ನೋಡಲಿಲ್ಲ.

ಅಕ್ಕ ಕೇಳಿದ ಪ್ರಶ್ನೆ ಎಷ್ಟು ದೊಡ್ಡದು ಎಂದು ಮೋಟರ್ ಬಲ್ಲವರಿಗೆ ಗೊತ್ತು. ಡೆಲ್ಟಾ ಎಂದರೆ ಮೋಟರಿನ ಮೂರು ಸುರುಳಿಗಳನ್ನು ತುದಿಗೆ ತುದಿ ಸೇರಿಸಿ ಜೋಡಿಸುವ ರೀತಿ; ಯು, ವಿ, ಡಬ್ಲ್ಯು ಸುರುಳಿಗಳ ಹೆಸರು, 1 ಮತ್ತು 2 ಅವುಗಳ ತುದಿ. ಅದರಲ್ಲಿ ಯು1ಕ್ಕೆ ಡಬ್ಲ್ಯು2, ವಿ1ಕ್ಕೆ ಯು2, ಡಬ್ಲ್ಯು1ಕ್ಕೆ ವಿ2 ಸೇರಬೇಕು. ಒಂದು ಸುರುಳಿಯ ಎರಡು ತುದಿ ಅದಲುಬದಲಾದರೂ ಮೋಟರ್ ಗುಂಯ್‌ಗುಟ್ಟುತ್ತಾ ವಿಪರೀತ ಕರೆಂಟ್ ಎಳೆಯುತ್ತದೆ, ಕರೆಂಟ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವ ಕಾವಲಿನ ರಿಲೇ ಸರಿಯಿಲ್ಲದಿದ್ದರೆ ವೈಂಡಿಂಗ್ ಸುಟ್ಟೇ ಹೋಗುತ್ತದೆ. ಆ ರಿಲೇಯ ಲೆಕ್ಕವೂ ಹಾಗೆಯೇ. ಪೂರ್ತಿ ಲೋಡಿನಲ್ಲಿ 15 ಆಂಪಿಯರ್ ಎಳೆಯುವ ಮೋಟರಿಗೆ, ಮೊದಲು ಸ್ಟಾರ್ ಜೋಡಣೆಯಲ್ಲಿ ಹೊರಡಿಸಿ ಆಮೇಲೆ ಡೆಲ್ಟಾಕ್ಕೆ ಬದಲಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ರಿಲೇ ಸುರುಳಿಗಳ ಸಾಲಿನಲ್ಲಿದ್ದರೆ, 0.58ರಿಂದ ಗುಣಿಸಿ 8.7ಕ್ಕೆ ಇಡಬೇಕು. ಪುಟದಲ್ಲಿ ಒಂದು ಚುಕ್ಕಿ ಹಾರಿದರೆ ಅದು 87. ಕಾದಂಬರಿಯಲ್ಲಿ ಅಕ್ಷರ ತಪ್ಪಿದರೆ ಓದುಗ ಸಹಿಸಿಕೊಂಡು ಮುಂದೆ ಹೋಗುತ್ತಾನೆ, ಇಲ್ಲಿ ತಪ್ಪಿದರೆ ರೈತನ ಮೋಟರ್ ಮೇಲೆತ್ತಬೇಕಾಗುತ್ತದೆ. ದಶಮಾಂಶ ಇರುವ ಪ್ರತಿಯೊಂದು ಅಂಕಿಯನ್ನೂ ಅಕ್ಕ ಹಸ್ತಪ್ರತಿಯ ಜೊತೆ ತಾಳೆ ನೋಡಿ ಪೆನ್ಸಿಲಿನಲ್ಲಿ ಸರಿ ಗುರುತು ಹಾಕಿದ್ದಾರೆ. ಆ ಕಾಗದಗಳನ್ನು ಜೋಪಾನ ಮಾಡಿಟ್ಟಿದ್ದೇನೆ.

ಚಿತ್ರಗಳದ್ದು ಇನ್ನೊಂದು ಮಾತು. ಮೂಲದಲ್ಲಿ ಮೂರು ಫೇಸಿನ ತಂತಿಗಳು ಕೆಂಪು, ಹಳದಿ, ನೀಲಿಯಲ್ಲಿದ್ದವು. ಒಳಪುಟಗಳು ಒಂದೇ ಬಣ್ಣದ ಮುದ್ರಣ. ಕಪ್ಪಿಗೆ ಇಳಿಸಿದಾಗ ಕೆಂಪೂ ನೀಲಿಯೂ ಒಂದೇ ಬೂದಿಯಾಗುತ್ತವೆ, ಹಳದಿ ಕಾಣೆಯಾಗುತ್ತದೆ. ಪರದೆಯ ಮೇಲೆ ಬಣ್ಣ ಇರುವುದರಿಂದ ಪ್ರೂಫ್ ನೋಡುವವರಿಗೂ ಇದು ಹೊಳೆಯುವುದಿಲ್ಲ. ಅಕ್ಕ ಮೊದಲು ಕಪ್ಪು-ಬಿಳುಪು ಪ್ರಿಂಟ್ ತೆಗೆದು ನೋಡಿದರು. ಆಮೇಲೆ ಒಂದು ಫೇಸಿಗೆ ಇಡೀ ಗೆರೆ, ಇನ್ನೊಂದಕ್ಕೆ ತುಂಡುಗೆರೆ, ಮತ್ತೊಂದಕ್ಕೆ ಚುಕ್ಕಿಗೆರೆ ಎಳೆದು, ಪ್ರತಿ ಗೆರೆಯ ಎರಡೂ ತುದಿಗೆ ಅಕ್ಷರ ಬರೆದರು. ಸ್ವಂತವಾಗಿ ತಾಂತ್ರಿಕ ಪುಸ್ತಕ ತರುವವರು ಯಾರೇ ಇರಲಿ, ಈ ಒಂದು ಕೆಲಸವನ್ನು ದಯವಿಟ್ಟು ಮಾಡಿ.

ಅಕ್ಕಾ, ನೀವು ಬಿಲ್ಲಿನಲ್ಲಿ ಪುಟಕ್ಕಿಷ್ಟು ಎಂದು ಮಾತ್ರ ಬರೆದಿರಿ. ಆ ರಾತ್ರಿಯದ್ದನ್ನು ಬರೆಯಲಿಲ್ಲ. ಅದು ತೀರಿಸುವ ಸಾಲವಲ್ಲ ಎಂದು ನನಗೂ ಗೊತ್ತು.

ಕರಡು ತಿದ್ದಿದ ಮೇಷ್ಟ್ರು, ಮುಖಪುಟ ಬರೆದ ಗೆಳತಿ, ಪುಸ್ತಕದ ಗುರುತು ಸಂಖ್ಯೆಯಾದ ಐಎಸ್‌ಬಿಎನ್‌ಗಾಗಿ ರಾಜಾ ರಾಮಮೋಹನ ರಾಯ್ ಏಜೆನ್ಸಿಗೆ ಅರ್ಜಿ ಹಾಕಿ ಅಚ್ಚಿಗೊಂದು, ಇ-ಪುಸ್ತಕಕ್ಕೊಂದು ಸಂಖ್ಯೆ ತರಿಸಿಕೊಟ್ಟ ತಮ್ಮ, ಗ್ರಂಥಾಲಯಗಳಿಗೆ ಪುಸ್ತಕ ಒಪ್ಪಿಸುವ 1954ರ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಉಳಿದ ಮೂರು ಗ್ರಂಥಾಲಯಗಳಿಗೂ ಪ್ರತಿ ಕಳಿಸಿದ ಅತ್ತಿಗೆ, ಎಲ್ಲರಿಗೂ ನಮಸ್ಕಾರ. ಬಾರ್‌ಕೋಡನ್ನು ಕೆಂಪು ಬಣ್ಣದಲ್ಲಿ ಹಾಕುವುದನ್ನು ತಡೆದ ಪುಸ್ತಕದಂಗಡಿಯ ಅಣ್ಣನಿಗೂ. ಸ್ಕ್ಯಾನರಿನ ಕೆಂಪು ಬೆಳಕಿಗೆ ಕೆಂಪು ಗೆರೆ ಬಿಳಿಯಾಗಿಯೇ ಕಾಣುತ್ತದೆ, ಮಾರಾಟದ ದಿನ ಅದು ಓದುವುದೇ ಇಲ್ಲ.

ಬೈಂಡಿಂಗ್ ಮಾಡಿದ ಸಾಹೇಬರಿಗೆ ಒಂದು ಮಾತು ಹೆಚ್ಚು ಸಲ್ಲಬೇಕು. ಎರಡೂ ಪುಸ್ತಕದ ಅಳತೆ ಡೆಮಿ 1/8, ಆದರೆ ಎರಡಕ್ಕೂ ಒಂದೇ ಕಟ್ಟು ಬೇಡ ಎಂದವರು ಅವರು. ಕಾದಂಬರಿಗೆ ಚದರ ಮೀಟರಿಗೆ 70 ಗ್ರಾಂ ತೂಗುವ, ಅಂದರೆ 70 ಜಿಎಸ್‌ಎಂ ಕಾಗದ, ಅಂಟಿನ ಬೈಂಡಿಂಗ್ ಸಾಕು. ಮೋಟರ್ ಪುಸ್ತಕಕ್ಕೆ 80 ಜಿಎಸ್‌ಎಂ ಬೇಕು, ಇಲ್ಲದಿದ್ದರೆ ಹಿಂಬದಿಯ ಚಿತ್ರದ ಗೆರೆ ಮುಂದಿನ ಪುಟಕ್ಕೆ ಕಾಣುತ್ತದೆ. ಜೊತೆಗೆ ಹೊಲಿಗೆ ಬೇಕು, ಏಕೆಂದರೆ ಸ್ಟಾರ್ಟರ್ ಡಬ್ಬದ ಪಕ್ಕ ಪುಸ್ತಕವನ್ನು ಬಿಚ್ಚಿ ಮಲಗಿಸಿ ನೋಡುತ್ತಾರೆ. ಬರೀ ಅಂಟಿನ ಬೆನ್ನನ್ನು ಹಾಗೆ ಒತ್ತಿದರೆ ಬಿರುಕು ಬಿಟ್ಟು ಹಾಳೆ ಉದುರುತ್ತದೆ. ಬೆನ್ನಿನ ದಪ್ಪವನ್ನು ಲೆಕ್ಕದಿಂದ ಊಹಿಸದೆ, ಅದೇ ಕಾಗದದ ಖಾಲಿ ಡಮ್ಮಿ ಕಟ್ಟಿ ಅಳೆದು ಕೊಟ್ಟರು. ಹಾಗಾಗಿ ಬೆನ್ನಿನ ಹೆಸರು ನಡುವೆಯೇ ಕೂತಿದೆ.

ಇನ್ನು ತಪ್ಪು ತೋರಿಸಿದ ಓದುಗರು. ನಿಮ್ಮ ಪತ್ರಗಳು ಬಂದದ್ದರಿಂದಲೇ ಎರಡನೇ ಮುದ್ರಣ ಮೊದಲಿನದಕ್ಕಿಂತ ಗಟ್ಟಿಯಾಗುತ್ತಿದೆ. ಒಂದೇ ಹಾಳೆಯ ಎರಡು ಬದಿಯಲ್ಲಿ ಅಚ್ಚಾಗುವ 16 ಪುಟಕ್ಕೆ ಒಂದು ಫಾರ್ಮ್, ಒಂದು ಬದಿಯ 8 ಪುಟಕ್ಕೆ ಒಂದು ಪ್ಲೇಟ್. ಒಂದು ಅಕ್ಷರ ಬದಲಾದರೂ ಆ ಪ್ಲೇಟ್ ಪೂರ್ತಿ ಹೊಸದಾಗಬೇಕು. ಅದಕ್ಕೇ ತಿದ್ದುಪಡಿಗಳನ್ನು ಫಾರ್ಮಿನ ಪ್ರಕಾರ ಜೋಡಿಸಿಟ್ಟಿದ್ದೇವೆ. ಸದ್ಯಕ್ಕೆ ಹೆಚ್ಚಿನವು 3ನೇ ಫಾರ್ಮಿನಲ್ಲಿ, ಅಂದರೆ 33ರಿಂದ 48ನೇ ಪುಟದೊಳಗೆ ಇವೆ. ನಿಮ್ಮ ಕಣ್ಣಿಗೆ ಇನ್ನೇನಾದರೂ ಬಿದ್ದಿದ್ದರೆ ಪುಟ ಸಂಖ್ಯೆ, ಮೇಲಿನಿಂದ ಎಷ್ಟನೇ ಸಾಲು, ಏನಿದೆ, ಏನಿರಬೇಕು, ಇಷ್ಟು ಬರೆದು ಈ ತಿಂಗಳೊಳಗೆ ಕಳಿಸಿ. ಚಿತ್ರದ ತಪ್ಪಾದರೆ ಪುಟದ ಫೋಟೊ ತೆಗೆದು ಆ ಜಾಗಕ್ಕೆ ಸುತ್ತು ಹಾಕಿ ಕಳಿಸಿದರೆ ಅಕ್ಕನಿಗೆ ಅನುಕೂಲ.