ಜುಕಾಟಿ ಪಾರ್ಕಿನಲ್ಲಿ ಕೂತವರು ಏನು ಸಾಧಿಸಿದರು?

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆ ಇನ್ನೂ ತಲೆಯಲ್ಲೇ ಇದೆ. "ವಾಲ್ ಸ್ಟ್ರೀಟ್ ಪಕ್ಕ ಡೇರೆ ಹಾಕ್ಕೊಂಡು ಕೂತಿದ್ರಲ್ಲ ಅಮ್ಮ, ಕೊನೆಗೆ ಅವರು ಸಾಧಿಸಿದ್ದಾದ್ರೂ ಏನು? ಒಬ್ಬ ನಾಯಕ ಇಲ್ಲ, ಒಂದು ಬೇಡಿಕೆ ಇಲ್ಲ. ಎರಡು ತಿಂಗಳಿಗೆ ಪೊಲೀಸರು ಎಬ್ಬಿಸಿದ್ರು, ಎದ್ದು ಹೋದ್ರು." ನ್ಯೂಯಾರ್ಕಿನಲ್ಲಿ ದೊಡ್ಡ ಬ್ಯಾಂಕುಗಳಿರುವ ವಾಲ್ ಸ್ಟ್ರೀಟಿನ ವಿರುದ್ಧ ನಡೆದ 'ಆಕ್ಯುಪೈ ವಾಲ್ ಸ್ಟ್ರೀಟ್' ಚಳವಳಿಯ ಮಾತು ಅದು. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಅದರಲ್ಲೂ ಮುಂದಿನ ತಿಂಗಳು ನೀನೇ ಒಂದು ಅಮೆರಿಕನ್ ಬ್ಯಾಂಕಿನ ಬೆಂಗಳೂರು ಆಫೀಸಿಗೆ ಸೇರುವವಳು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

2011ರಲ್ಲಿ ನಿನಗೆ ಏಳು ವರ್ಷ. ಜರ್ಸಿ ಸಿಟಿಯಲ್ಲಿ ಜರ್ನಲ್ ಸ್ಕ್ವೇರ್ ಹತ್ತಿರ ಬಾಡಿಗೆ ಮನೆಯಲ್ಲಿದ್ದೆವು. ನಿನ್ನನ್ನು ಸ್ಕೂಲಿಗೆ ಬಿಟ್ಟು ನಾನು ನ್ಯೂಯಾರ್ಕಿಗೆ ಹೋಗುವ ಪಾತ್ ರೈಲು ಹತ್ತುತ್ತಿದ್ದೆ, ವರ್ಲ್ಡ್ ಟ್ರೇಡ್ ಸೆಂಟರ್ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದೆ. ಅಲ್ಲಿಂದ ಆಫೀಸಿಗೆ ಹೋಗುವ ದಾರಿಯಲ್ಲೇ ಜುಕಾಟಿ ಪಾರ್ಕ್. ಪಾರ್ಕ್ ಅಂದ ತಕ್ಷಣ ಕಬ್ಬನ್ ಪಾರ್ಕ್ ನೆನೆಸಿಕೊಳ್ಳಬೇಡ. ದೊಡ್ಡ ಕಟ್ಟಡಗಳ ನಡುವೆ ಕಲ್ಲು ಹಾಸಿದ ಒಂದು ಅಂಗಳ, ಸಾಲಾಗಿ ಸಣ್ಣ ಮರಗಳು, ಕಲ್ಲಿನ ಬೆಂಚು, ಬ್ರಾಡ್‌ವೇ ಕಡೆಯ ಮೂಲೆಯಲ್ಲಿ ಕೆಂಪು ಉಕ್ಕಿನ ಎತ್ತರದ ಶಿಲ್ಪ. ಅಷ್ಟೇ. ಆ ಜಾಗ ಸರ್ಕಾರದ್ದೂ ಅಲ್ಲ, ಬ್ರೂಕ್‌ಫೀಲ್ಡ್ ಅನ್ನುವ ಕಂಪನಿಯದು. ಆದರೆ ಜನರಿಗೆ ಹಗಲೂ ರಾತ್ರಿ ತೆರೆದಿಡಬೇಕು ಅನ್ನುವ ಷರತ್ತು ಇತ್ತು. ನಗರದ ಪಾರ್ಕುಗಳಿಗೆ ರಾತ್ರಿ ಬೀಗ, ಇದಕ್ಕಿಲ್ಲ. ಸೆಪ್ಟೆಂಬರ್ 17ರಂದು ಬಂದವರು ಅಲ್ಲೇ ಉಳಿಯಲು ಆಗಿದ್ದು ಆ ಷರತ್ತಿನಿಂದ.

ನನ್ನ ಕೆಲಸ ಏನಿತ್ತು ಅಂತ ನಿನಗೆ ಯಾವತ್ತೂ ಸರಿಯಾಗಿ ಹೇಳಿಲ್ಲ ಅಲ್ವಾ? ಹೋಮ್ ಲೋನ್ ಕಂತುಗಳ ಲೆಕ್ಕ ಇಡುವ ಸಾಫ್ಟ್‌ವೇರಿನ ಟೆಸ್ಟಿಂಗ್. ವರದಿಯಲ್ಲಿ ಮೂರು ಕಾಲಂ ಇರುತ್ತಿದ್ದವು. 30 ದಿನ ಬಾಕಿ, 60 ದಿನ ಬಾಕಿ, 90 ದಿನ ಬಾಕಿ. 90 ದಾಟಿತು ಅಂದರೆ ಆ ಸಾಲ ಫೋರ್‌ಕ್ಲೋಷರ್ ದಾರಿ ಹಿಡಿಯಿತು ಅಂತಲೇ ಲೆಕ್ಕ. ಅಂದರೆ ಜಪ್ತಿ, ಹರಾಜು. ಸಾಲಗಾರರ ಹೆಸರು ನಮಗೆ ಕಾಣದ ಹಾಗೆ ಅಳಿಸಿರುತ್ತಿದ್ದರು. ಪಿನ್ ಕೋಡ್ ಮಾತ್ರ ಕಾಣುತ್ತಿತ್ತು. ನೆವಾರ್ಕಿನ ಪಿನ್ ಕೋಡ್ ಮತ್ತೆ ಮತ್ತೆ ಬರುತ್ತಿತ್ತು. ನಾವು ಹತ್ತುತ್ತಿದ್ದ ರೈಲಿನ ಆ ಕಡೆಯ ಕೊನೆ ಸ್ಟೇಷನ್ ನೆವಾರ್ಕ್. ಬೆಳಿಗ್ಗೆ ನಾನು ಹತ್ತುವಾಗಲೇ ಸೀಟು ಹಿಡಿದು ಕೂತಿರುತ್ತಿದ್ದವರು ಆ ಊರಿನವರು.

ಆ ಸಾಲಗಳು ಹೇಗೆ ಹುಟ್ಟಿದವು ಅನ್ನುವುದನ್ನು ನಿನಗೆ ತರಬೇತಿಯಲ್ಲಿ ದೊಡ್ಡ ದೊಡ್ಡ ಪದಗಳಲ್ಲಿ ಹೇಳಿಕೊಡುತ್ತಾರೆ. ನಾನು ಸರಳವಾಗಿ ಹೇಳುತ್ತೇನೆ. ಒಬ್ಬ ಏಜೆಂಟ್ ಬಂದು ಮನೆ ಕೊಡಿಸುತ್ತೇನೆ ಅನ್ನುತ್ತಾನೆ. ಸಂಬಳದ ಚೀಟಿಯನ್ನೂ ಕೇಳದೆ ಸಾಲ ಕೊಡಿಸಿದ್ದುಂಟು. ಮೊದಲ ಎರಡು ವರ್ಷ ಬಡ್ಡಿ ಕಡಿಮೆ, ಆಮೇಲೆ ಏರುತ್ತದೆ. "ಏರುವಷ್ಟರಲ್ಲಿ ಮನೆ ಬೆಲೆ ಜಾಸ್ತಿ ಆಗಿರುತ್ತೆ, ಬೇರೆ ಸಾಲ ತಗೊಂಡು ಇದನ್ನ ತೀರಿಸಬಹುದು" ಅನ್ನುವ ಭರವಸೆ. ಏಜೆಂಟಿಗೆ ಕಮಿಷನ್ ಬಂತು. ಸಾಲ ಕೊಟ್ಟ ಕಂಪನಿ ಆ ಸಾಲವನ್ನು ವಾಲ್ ಸ್ಟ್ರೀಟಿಗೆ ಮಾರಿತು, ಅದಕ್ಕೂ ದುಡ್ಡು ಬಂತು. ವಾಲ್ ಸ್ಟ್ರೀಟಿನವರು ಸಾವಿರಾರು ಸಾಲಗಳನ್ನು ಒಂದು ಗಂಟು ಕಟ್ಟಿ ಬಾಂಡ್ ಮಾಡಿದರು. ರೇಟಿಂಗ್ ಕಂಪನಿಗಳು ಅದರಲ್ಲಿ ದೊಡ್ಡ ಪಾಲಿಗೆ ಟ್ರಿಪಲ್ ಎ, ಅಂದರೆ ಅತ್ಯಂತ ಸುರಕ್ಷಿತ ಅನ್ನುವ ಮುದ್ರೆ ಒತ್ತಿದವು. ಆ ಮುದ್ರೆಗೆ ಫೀಸು ಕೊಟ್ಟವರು ಬಾಂಡ್ ಮಾರುವವರೇ! ಕೊಂಡವರು ಯಾರು? ದೇಶ ವಿದೇಶದ ಪಿಂಚಣಿ ನಿಧಿಗಳು, ಬೇರೆ ಬ್ಯಾಂಕುಗಳು. ಈ ಸರಪಳಿಯಲ್ಲಿ ಪ್ರತಿಯೊಬ್ಬನಿಗೂ ತನ್ನ ಫೀಸು ಮೊದಲೇ ಕೈಗೆ ಸೇರಿತ್ತು. ಸಾಲ ತೀರುತ್ತೋ ಇಲ್ಲವೋ ಅನ್ನುವ ಚಿಂತೆ ಯಾರದೂ ಆಗಿರಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಇಲ್ಲೇ. ತಪ್ಪು ಮಾಡಿದವರ ಮೇಲೆ ಬರುವ ಸಿಟ್ಟಿಗಿಂತ, ತಪ್ಪು ಮಾಡಿದರೂ ನಷ್ಟವೇ ಆಗದ ಹಾಗೆ ಲೆಕ್ಕ ಹಾಕಿದವರ ಮೇಲೆ ಬರುವ ಸಿಟ್ಟು ದೊಡ್ಡದು.

ಮನೆ ಬೆಲೆ 2006ರಿಂದ ಇಳಿಯತೊಡಗಿತು. 2008ರ ಸೆಪ್ಟೆಂಬರ್ 15ರಂದು ಲೀಮನ್ ಬ್ರದರ್ಸ್ ಅನ್ನುವ ವಾಲ್ ಸ್ಟ್ರೀಟಿನ ದೊಡ್ಡ ಬ್ಯಾಂಕು ದಿವಾಳಿ ಎದ್ದಿತು. ಮಾರನೇ ದಿನವೇ ಎಐಜಿ ಅನ್ನುವ ವಿಮಾ ಕಂಪನಿಗೆ 85 ಬಿಲಿಯನ್ ಡಾಲರ್ ಸಾಲದ ಆಸರೆ ಸಿಕ್ಕಿತು. ಅಕ್ಟೋಬರಿನಲ್ಲಿ ಬ್ಯಾಂಕುಗಳನ್ನು ಎತ್ತಿ ನಿಲ್ಲಿಸಲು 700 ಬಿಲಿಯನ್ ಡಾಲರಿನ ಕಾಯ್ದೆ ಪಾಸಾಯಿತು. ಹಾಗೆ ಉಳಿದುಕೊಂಡ ಎಐಜಿ, 2009ರ ಮಾರ್ಚಿನಲ್ಲಿ ತನ್ನ ನಷ್ಟಕ್ಕೆ ಕಾರಣವಾದ ವಿಭಾಗದವರಿಗೇ ಸುಮಾರು 165 ಮಿಲಿಯನ್ ಡಾಲರ್ ಬೋನಸ್ ಹಂಚಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅಮೆರಿಕದ ನಿರುದ್ಯೋಗ ಶೇ. 10 ಮುಟ್ಟಿತು. ನಮ್ಮ ಕಟ್ಟಡದಲ್ಲೇ ಎಷ್ಟೋ ಮನೆಯವರು ಕೆಲಸ ಕಳೆದುಕೊಂಡು, ವೀಸಾ ಗಡುವು ಮುಗಿಯುವ ಮೊದಲು ಸಾಮಾನು ಮಾರಿ ಊರಿಗೆ ಹೊರಟರು.

ಈಗ ಪಾರ್ಕಿಗೆ ಬರುತ್ತೇನೆ. ನಾನು ಅಲ್ಲಿ ಕೂತವಳಲ್ಲ. ವೀಸಾ ಮೇಲಿದ್ದವಳು, ಒಂದು ಅರೆಸ್ಟ್ ಆದರೂ ನಮ್ಮೆಲ್ಲರ ಬದುಕು ತಲೆಕೆಳಗು. ಆದರೆ ಊಟದ ಹೊತ್ತಿನಲ್ಲಿ ಡಬ್ಬಿ ಹಿಡಿದು ಹೋಗಿ ಅಂಚಿನಲ್ಲಿ ನಿಂತು ನೋಡುತ್ತಿದ್ದೆ. ಮೈಕು ಬಳಸಲು ಪರ್ಮಿಟ್ ಬೇಕಿತ್ತು, ಅವರ ಹತ್ತಿರ ಇರಲಿಲ್ಲ. ಅದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದರು. ಮಾತಾಡುವವರು ನಾಲ್ಕೈದು ಪದ ಹೇಳಿ ನಿಲ್ಲಿಸುತ್ತಿದ್ದರು. ಸುತ್ತ ಇದ್ದವರೆಲ್ಲ ಅದನ್ನೇ ಒಟ್ಟಿಗೆ ಕೂಗಿ ಹೇಳುತ್ತಿದ್ದರು. ಗುಂಪು ದೊಡ್ಡದಿದ್ದರೆ ಹಿಂದಿನವರು ಮತ್ತೊಮ್ಮೆ. ಒಂದು ದಿನ ವಯಸ್ಸಾದ ಹೆಂಗಸೊಬ್ಬರು ಎದ್ದು ನಿಂತರು. ದಾದಿಯಾಗಿ ದುಡಿದು ನಿವೃತ್ತರಾದವರು. "ನನ್ನ ಮನೆ / ಮೂರು ಸಲ ಕೈ ಬದಲಾಯಿತು / ಯಾರಿಗೆ ಕಂತು ಕಟ್ಟಬೇಕು / ಅಂತ ಹೇಳುವವರೇ ಇಲ್ಲ." ಪ್ರತಿ ತುಂಡನ್ನೂ ಇನ್ನೂರು ಗಂಟಲು ಎತ್ತಿ ಹೇಳಿತು. ಅವರ ಜೊತೆ ಒಪ್ಪದವರೂ ಅವರ ಮಾತನ್ನು ತಮ್ಮ ಬಾಯಿಂದ ಹೇಳಲೇಬೇಕಿತ್ತು. ನಾನೂ ಹೇಳಿದೆ. ಹೇಳುವಾಗ ನನಗೆ ಆ 90 ದಿನದ ಕಾಲಂ ಕಣ್ಣ ಮುಂದೆ ಬಂತು. ಅವರ ಸಾಲವನ್ನು ಕೊಂಡವರು ಮತ್ತೊಬ್ಬರಿಗೆ ಮಾರಿ, ಅವರು ಇನ್ನೊಬ್ಬರಿಗೆ ಮಾರಿದ್ದರು. ಕಾಗದ ಎಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕೆಲವು ದೊಡ್ಡ ಬ್ಯಾಂಕುಗಳಲ್ಲಂತೂ ಓದದೆಯೇ ದಿನಕ್ಕೆ ನೂರಾರು ಜಪ್ತಿ ಪತ್ರಗಳಿಗೆ ಸಹಿ ಹಾಕುತ್ತಿದ್ದರು ಅನ್ನುವುದು 2010ರಲ್ಲೇ ಬಯಲಾಗಿತ್ತು. ಆ ವಿಷಯದಲ್ಲಿ 2012ರಲ್ಲಿ ಐದು ದೊಡ್ಡ ಬ್ಯಾಂಕುಗಳು 49 ರಾಜ್ಯಗಳ ಜೊತೆ ಸುಮಾರು 25 ಬಿಲಿಯನ್ ಡಾಲರಿಗೆ ರಾಜಿ ಮಾಡಿಕೊಂಡವು.

ಪಾರ್ಕಿನೊಳಗೆ ಒಂದು ಅಡುಗೆ ಜಾಗ, ಒಂದು ಲೈಬ್ರರಿ. ಐದು ಸಾವಿರಕ್ಕೂ ಹೆಚ್ಚು ಪುಸ್ತಕ ಸೇರಿದ್ದವು, ಎಲ್ಲ ಜನ ಕೊಟ್ಟಿದ್ದು. ಅಗ್ನಿಶಾಮಕದವರು ಜನರೇಟರ್ ಎತ್ತಿಕೊಂಡು ಹೋದಾಗ ಸೈಕಲ್ ತುಳಿದು ಕರೆಂಟ್ ಮಾಡಿಕೊಂಡರು. ಅಕ್ಟೋಬರ್ 29ರಂದು ಕಾಲವಲ್ಲದ ಕಾಲದಲ್ಲಿ ಹಿಮ ಬಿತ್ತು, ನಿನಗೆ ನೆನಪಿರಬಹುದು, ಹ್ಯಾಲೋವೀನಿಗೂ ಮೊದಲೇ ಹಿಮ ಅಂತ ಕುಣಿದಿದ್ದೆ. ಆ ರಾತ್ರಿಯೂ ಅವರು ಅಲ್ಲೇ ಇದ್ದರು.

ಎಲ್ಲವೂ ಚೆನ್ನಾಗಿತ್ತು ಅಂತ ಹೇಳುವುದಿಲ್ಲ. ಡೋಲಿನ ಸದ್ದಿಗೆ ಅಕ್ಕಪಕ್ಕದ ಮನೆಯವರು ಬೇಸತ್ತಿದ್ದರು, ಅವರ ದೂರು ನ್ಯಾಯವಾದದ್ದೇ. ಸಭೆಗಳಲ್ಲಿ ಒಂದು ಸಣ್ಣ ತೀರ್ಮಾನಕ್ಕೂ ಗಂಟೆಗಟ್ಟಲೆ ಎಳೆದಾಟ. ಮನೆ ಕಳೆದುಕೊಂಡವರ ಪ್ರಮಾಣ ಕಪ್ಪು ಜನರಲ್ಲಿ, ಸ್ಪ್ಯಾನಿಷ್ ಮಾತಾಡುವ ಜನರಲ್ಲಿ ಜಾಸ್ತಿ. ಪಾರ್ಕಿನಲ್ಲಿ ಅವರು ಕಡಿಮೆ. ಬೇಡಿಕೆ ಇಲ್ಲ ಅನ್ನುವ ನಿನ್ನ ಮಾತನ್ನು ಆಗಿನ ಪತ್ರಿಕೆಗಳೂ ದಿನಾ ಬರೆದವು. ಆದರೆ ಒಂದು ಯೋಚನೆ ಮಾಡು ಪುಟ್ಟಿ. ಮನೆಗೆ ನುಗ್ಗಿದವರನ್ನು ಹಿಡಿದು ನಿಲ್ಲಿಸಿದಾಗ, "ಸರಿ, ಮುಂದೆ ಬೀಗ ಹೇಗಿರಬೇಕು ಅಂತ ನಕ್ಷೆ ಕೊಡಿ" ಅಂತ ಮನೆಯವರನ್ನೇ ಕೇಳುತ್ತಾರಾ? ನಷ್ಟ ಆದದ್ದು ಯಾರಿಗೆ, ಲಾಭ ಹೋದದ್ದು ಯಾರಿಗೆ ಅಂತ ಅವರು ಬೀದಿಯಲ್ಲಿ ನಿಂತು ಕೇಳಿದರು. ನನ್ನ ಪ್ರಕಾರ ಬೇಡಿಕೆಗಿಂತ ಮೊದಲು ಕೇಳಬೇಕಾದದ್ದು ಅದನ್ನೇ.

"ನಾವು ಶೇಕಡಾ 99" ಅನ್ನುವುದು ಅವರ ಘೋಷಣೆ. ಸುಮ್ನೆ ಕೂಗಿದ್ದಲ್ಲ. ಅವರು ಅಲ್ಲಿ ಕೂತಿದ್ದ ತಿಂಗಳಲ್ಲೇ ಅಮೆರಿಕದ ಸಂಸತ್ತಿನ ಬಜೆಟ್ ಕಚೇರಿ ಒಂದು ವರದಿ ಕೊಟ್ಟಿತು. 1979ರಿಂದ 2007ರವರೆಗೆ, ತೆರಿಗೆ ಕಳೆದು, ಬೆಲೆ ಏರಿಕೆಯನ್ನೂ ಕಳೆದು ನೋಡಿದರೆ, ಮೇಲಿನ ಶೇ. 1 ಜನರ ಆದಾಯ ಶೇ. 275 ಏರಿತ್ತು. ಕೆಳಗಿನ ಶೇ. 20 ಜನರದು ಶೇ. 18 ಮಾತ್ರ. ಅಂದರೆ ಒಂದು ಕಡೆ ನೂರು ಇದ್ದದ್ದು 375 ಆಯಿತು, ಇನ್ನೊಂದು ಕಡೆ ನೂರು ಇದ್ದದ್ದು 118. ಹತ್ತಿರ ಹತ್ತಿರ ಮೂವತ್ತು ವರ್ಷದಲ್ಲಿ! ಇಂಥ ವರದಿಗಳು ಮೊದಲೂ ಬರುತ್ತಿದ್ದವು, ಕಪಾಟು ಸೇರುತ್ತಿದ್ದವು. ಆ ಸಲ ಅದು ಊಟದ ಟೇಬಲ್ಲಿನ ಮಾತಾಯಿತು. ನನ್ನ ಟೀಮಿನಲ್ಲಿ ಕ್ರಿಕೆಟ್, ವೀಸಾ, ಮನೆ ಬಾಡಿಗೆ ಬಿಟ್ಟು ಬೇರೇನೂ ಮಾತಾಡದವರು ಕೂಡ ಶೇಕಡಾ ಒಂದರ ಬಗ್ಗೆ ವಾದ ಮಾಡಿದರು.

ಅಕ್ಟೋಬರ್ 1ರಂದು ಬ್ರೂಕ್ಲಿನ್ ಸೇತುವೆ ಮೇಲೆ 700ಕ್ಕೂ ಹೆಚ್ಚು ಜನರನ್ನು ಹಿಡಿದರು. ನವೆಂಬರ್ 15ರ ನಡುರಾತ್ರಿ ಕಳೆದ ಮೇಲೆ ಪೊಲೀಸರು ಬಂದು ಪಾರ್ಕ್ ಖಾಲಿ ಮಾಡಿಸಿದರು. ಮೇಯರ್ ಮೈಕಲ್ ಬ್ಲೂಮ್‌ಬರ್ಗ್ ಅವರ ಆದೇಶ. ಲೈಬ್ರರಿಯ ಪುಸ್ತಕಗಳನ್ನೂ ಕಸದ ಲಾರಿಗೆ ತುಂಬಿದ್ದರು, ಎಷ್ಟೋ ಹಾಳಾದವು. ಅದಕ್ಕೆ ಕೇಸು ಹಾಕಿದರು. 2013ರಲ್ಲಿ ನಗರ ಪುಸ್ತಕಗಳ ಪರಿಹಾರ ಅಂತ 47,000 ಡಾಲರ್ ಕೊಡಲು ಒಪ್ಪಿತು. ಈ ಪಾರ್ಕಿನ ಸೆರೆಗಳ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಟ್ಟು ನೋಡು. ಆ ಆರ್ಥಿಕ ಕುಸಿತಕ್ಕಾಗಿ ಜೈಲು ಕಂಡ ವಾಲ್ ಸ್ಟ್ರೀಟಿನ ದೊಡ್ಡ ಅಧಿಕಾರಿ ಅಂದರೆ ಎಲ್ಲರೂ ಹೇಳುವುದು ಒಂದೇ ಹೆಸರು, ಕ್ರೆಡಿಟ್ ಸ್ವಿಸ್‌ನಲ್ಲಿದ್ದ ಕರೀಂ ಸೆರಗೆಲ್ದಿನ್. 30 ತಿಂಗಳ ಶಿಕ್ಷೆ.

ಎದ್ದು ಹೋದರು ಅಂದೆಯಲ್ಲ, ಎಲ್ಲಿಗೆ ಹೋದರು ಅಂತ ಹೇಳುತ್ತೇನೆ. ಡಿಸೆಂಬರ್ 6ರಂದು ಒಂದಷ್ಟು ಜನ ಬ್ರೂಕ್ಲಿನ್‌ನ ಈಸ್ಟ್ ನ್ಯೂಯಾರ್ಕಿಗೆ ಹೋಗಿ, ಜಪ್ತಿಯ ದಾರಿ ಹಿಡಿದು ಖಾಲಿ ಬಿದ್ದಿದ್ದ ಮನೆಯೊಳಗೆ ಸೂರಿಲ್ಲದ ಸಂಸಾರವೊಂದನ್ನು ಕೂರಿಸಿದರು. ಮಾರನೇ ವರ್ಷ ಇನ್ನೂ ಕೆಲವರು ಸೇರಿ ಮಾಡಿದ ಕೆಲಸವಂತೂ ನನಗೆ ಎಲ್ಲಕ್ಕಿಂತ ಇಷ್ಟ. ಅಲ್ಲಿ ಆಸ್ಪತ್ರೆ ಬಿಲ್ಲಿನಂಥ, ಕಟ್ಟಲಾಗದೆ ಉಳಿದ ಸಾಲಗಳನ್ನು ವಸೂಲಿ ಕಂಪನಿಗಳಿಗೆ ಮಾರುತ್ತಾರೆ. ಡಾಲರಿಗೆ ಕೆಲವೇ ಸೆಂಟು ಬೆಲೆ. ಇವರು ಚಂದಾ ಎತ್ತಿ ಅದೇ ಬೆಲೆಗೆ ಸಾಲ ಕೊಂಡು, ವಸೂಲಿ ಮಾಡದೆ ರದ್ದು ಮಾಡಿದರು. ಸುಮಾರು 7 ಲಕ್ಷ ಡಾಲರ್ ಚಂದಾದಲ್ಲಿ 30 ಮಿಲಿಯನ್ನಿಗೂ ಮೀರಿದ ಸಾಲ ಹರಿಯಿತು. ಯಾರೋ ಒಬ್ಬರ ಮನೆಗೆ "ನಿಮ್ಮ ಸಾಲ ಮುಗಿಯಿತು, ಏನೂ ಕೊಡಬೇಕಾಗಿಲ್ಲ" ಅಂತ ಕಾಗದ ಹೋಯಿತು. ಸಾಲ ಎಷ್ಟು ಅಗ್ಗಕ್ಕೆ ಕೈ ಬದಲಾಗುತ್ತದೆ, ಸಾಲಗಾರನಿಂದ ಮಾತ್ರ ಪೂರ್ತಿ ಹೇಗೆ ಕೇಳುತ್ತಾರೆ ಅನ್ನುವುದು ಲೋಕಕ್ಕೆ ಗೊತ್ತಾಯಿತು. 2012ರ ನವೆಂಬರಿನಲ್ಲಿ ಅದೇ ನ್ಯೂಯಾರ್ಕಿನಲ್ಲಿ ಬರ್ಗರ್ ಅಂಗಡಿಯ ಕೆಲಸಗಾರರು ಗಂಟೆಗೆ 15 ಡಾಲರ್ ಕೂಲಿ ಕೇಳಿ ಕೆಲಸ ನಿಲ್ಲಿಸಿದರು. ಆಗ ಅದು ಆಗದ ಮಾತು ಅಂದವರೇ ಹೆಚ್ಚು. ಆಮೇಲೆ ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ಎರಡೂ ರಾಜ್ಯಗಳು ಕಾಯ್ದೆ ಮಾಡಿ ಒಪ್ಪಿದವು. ಪಾರ್ಕಿನವರೇ ಇದನ್ನೆಲ್ಲ ಮಾಡಿದರು ಅನ್ನುವುದಿಲ್ಲ. ಕೇಳಬಹುದು ಅನ್ನುವ ಧೈರ್ಯ ಅಲ್ಲಿಂದ ಬಂತು ಅಂತ ನಾನು ನಂಬಿದ್ದೇನೆ.

ಇದು ಅಮೆರಿಕದ ಕಥೆ, ನಮಗೇನು ಅನ್ನಬೇಡ. 2025ರ ಜನವರಿಯಲ್ಲಿ ಚಾಮರಾಜನಗರದ ಕಡೆ ಮೈಕ್ರೋಫೈನಾನ್ಸ್ ವಸೂಲಿಯವರ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ನಮ್ಮ ಮೈಸೂರಿನ ಪತ್ರಿಕೆಗಳಲ್ಲಿ ದಿನಾ ಬರುತ್ತಿತ್ತು. ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಆ ಹೆಂಗಸರು ಸಂಘದಲ್ಲಿ ತೆಗೆದುಕೊಂಡ ಸಾಲಗಳನ್ನೂ ಕಂಪನಿಗಳು ಗಂಟು ಕಟ್ಟಿ ಬ್ಯಾಂಕುಗಳಿಗೆ ಮಾರುವುದುಂಟು. ನಿನ್ನ ಕಂಪ್ಯೂಟರಿನಲ್ಲೂ ಮೂರು ಕಾಲಂ ಬರುತ್ತವೆ ಕಣೇ.

ಕೆಲಸಕ್ಕೆ ಸೇರಬೇಡ ಅಂತ ನಾನು ಹೇಳುತ್ತಿಲ್ಲ. ಸೇರು, ಚೆನ್ನಾಗಿ ಕಲಿ. ಸಾಲ ಇಲ್ಲದೆ ಯಾವ ಊರಲ್ಲೂ ಮನೆ ಏಳುವುದಿಲ್ಲ, ಅಂಗಡಿ ನಡೆಯುವುದಿಲ್ಲ. ಆದರೆ ತರಬೇತಿಯ ಮೊದಲ ವಾರಗಳಲ್ಲಿ ಸಾಲದ ಗಂಟು ಕಟ್ಟುವುದನ್ನು ತೋರಿಸುತ್ತಾರಲ್ಲ, ಆಗ ಎರಡು ವಿಷಯ ಕೇಳು. ಸಾಲಗಾರನಿಗೆ ತೀರಿಸುವ ಶಕ್ತಿ ಇದೆಯೋ ಇಲ್ಲವೋ ಅಂತ ಯಾರು ನೋಡಿದರು, ಅದರ ದಾಖಲೆ ಫೈಲಿನಲ್ಲಿ ಎಲ್ಲಿದೆ? ಅಮೆರಿಕದಲ್ಲಿ ಹೋಮ್ ಲೋನಿಗೆ ಇದನ್ನು ನೋಡಲೇಬೇಕು ಅನ್ನುವ ನಿಯಮ 2014ರಿಂದ ಇದೆ, ಹಾಗಾಗಿ ಕೇಳಲು ಹಿಂಜರಿಯಬೇಡ. ಎರಡನೆಯದು, ಈ ಗಂಟು ಮುಳುಗಿದರೆ ಕಟ್ಟಿದವರ ಕೈಯಿಂದ ಎಷ್ಟು ಹೋಗುತ್ತದೆ? ಏನು ಹೇಳಿದರು ಅಂತ ಫೋನ್ ಮಾಡು. ನಾನು ಆ ಮೂರು ಕಾಲಂ ನೋಡುತ್ತಿದ್ದಾಗ ನನ್ನ ಮೇಲಿನವರಿಗೆ ಉತ್ತರ ಗೊತ್ತಿರಲಿಲ್ಲ. ಈಗ ಗೊತ್ತಿದೆಯಾ ಅಂತ ತಿಳಿಯುವ ಆಸೆ ನನಗಿದೆ.

ಹುಳಿಪುಡಿ, ಚಟ್ನಿಪುಡಿ ಅಪ್ಪನ ಕೈಯಲ್ಲಿ ಶನಿವಾರ ಕಳಿಸುತ್ತೇನೆ.

ನಿನ್ನ
ಅಮ್ಮ